ಬೋರ್ಡ್ ಬರೆಸುವ ಮೊದಲೇ ಅನುಮತಿ ಕೇಳಿ

ಮಾನ್ಯರೇ, ಧಾರವಾಡದ ಸುಭಾಸ ರಸ್ತೆಯಲ್ಲಿ ಬಾಡಿಗೆ ಮಳಿಗೆ ಹಿಡಿದಿರುವ ತಾವು, ಪಾದಚಾರಿ ಮಾರ್ಗದ ಮೇಲೆ ಚಾಚುವಂತೆ ದೀಪದ ಬೋರ್ಡ್ ಹಾಕಲು ಉದ್ದಿಮೆ ಪರವಾನಗಿಯೊಂದೇ ಸಾಕೇ ಎಂದು ಕೇಳಿದ್ದೀರಿ. ಸಾಲದು. ಉದ್ದಿಮೆ ಪರವಾನಗಿ ವ್ಯಾಪಾರ ನಡೆಸಲು ಕೊಡುವಂಥದ್ದು; ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ 135ನೆಯ ಪ್ರಕರಣವು ಜಾಹೀರಾತು ಪ್ರದರ್ಶನಕ್ಕೆ ಆಯುಕ್ತರ ಲಿಖಿತ ಅನುಮತಿಯನ್ನು ಪ್ರತ್ಯೇಕವಾಗಿ ಕೇಳುತ್ತದೆ. ತಮ್ಮ ಅಂಗಡಿಯ ಹೆಸರಷ್ಟೇ ಗೋಡೆಗೆ ಅಂಟಿಕೊಂಡಿದ್ದರೆ ವಿಷಯ ಸರಳ. ಆದರೆ ಬೋರ್ಡ್ ಸಾರ್ವಜನಿಕ ಜಾಗದ ಮೇಲೆ ಚಾಚಿದರೆ, ಅಥವಾ ಯಾವುದೋ ಕಂಪನಿ ಪುಕ್ಕಟೆ ಮಾಡಿಸಿಕೊಟ್ಟ ಬೋರ್ಡಿನಲ್ಲಿ ಅದರ ಸರಕಿನ ಚಿತ್ರವೇ ದೊಡ್ಡದಾಗಿದ್ದರೆ, ಪಾಲಿಕೆಯ ವಲಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಅರ್ಜಿಯೊಂದಿಗೆ ಕಟ್ಟಡ ಮಾಲೀಕರ ಒಪ್ಪಿಗೆ ಪತ್ರ, ಬಾಡಿಗೆ ಕರಾರು, ಅಳತೆ ಬರೆದ ನಕ್ಷೆ ಮತ್ತು ಮಳಿಗೆಯ ಮುಂಭಾಗದ ಫೋಟೊ ಇಟ್ಟುಕೊಂಡು ಹೋಗಿ. ಮಾಲೀಕರ ಬಾಯಿಮಾತನ್ನು ನಂಬಿ ಗೋಡೆಗೆ ಬೋಲ್ಟ್ ಹೊಡೆಸಬೇಡಿ.

ಭಾಷೆಯ ನಿಯಮವನ್ನು ವಿಶೇಷವಾಗಿ ಹೇಳಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದ ಶೇ. 60ರಷ್ಟು ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಹುಬ್ಬಳ್ಳಿಯ ನನ್ನ ಅಂಗಡಿಗೆ ಪೇಂಟರ್ ಇಂಗ್ಲಿಷ್ ಅಕ್ಷರಗಳನ್ನು ಒಂದೂವರೆ ಅಡಿ ಎತ್ತರಕ್ಕೆ ಬರೆದು, ಕನ್ನಡವನ್ನು ಕೆಳಗೆ ಗೇಣುದ್ದದ ಪಟ್ಟಿಯಲ್ಲಿ ತುರುಕಿದ್ದರು. ಇಡೀ ಫಲಕವನ್ನು ಇಳಿಸಿ ಮತ್ತೆ ಬರೆಸಬೇಕಾಯಿತು. ಆದ್ದರಿಂದ ಮಾದರಿಯನ್ನು ಕಾಗದದ ಮೇಲೆ ನೋಡಿ ಒಪ್ಪಿಕೊಂಡ ನಂತರವೇ ಮುಂಗಡ ಕೊಡಿ. ದೀಪದ ಬೋರ್ಡ್ ಆದ್ದರಿಂದ ಹೆಸ್ಕಾಂ ತಂತಿಯಿಂದ ಸಾಕಷ್ಟು ದೂರವಿದೆಯೇ ಎಂಬುದನ್ನೂ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ತಪ್ಪದೆ ನೋಡಿಸಿ.