ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಮುನ್ನ: ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್‌ಗಳ ಪ್ರಶ್ನೆಗಳು

ಪ್ರಶ್ನೆ: ತುಮಕೂರು ಹತ್ತಿರದ ಹೈಸ್ಕೂಲೊಂದರಲ್ಲಿ ಸ್ಕೌಟ್ ಮಾಸ್ಟರ್ ಆಗಿದ್ದೇನೆ. 32 ಹುಡುಗರಿದ್ದಾರೆ, ಎಲ್ಲ 8, 9ನೇ ಕ್ಲಾಸಿನವರು. ಯಾರೂ ಇನ್ನೂ ಹೈಕ್ ಮಾಡಿಲ್ಲ. ಜನವರಿಯಲ್ಲಿ ಎರಡು ದಿನ ಕೊಡಚಾದ್ರಿಗೆ ಹೋಗೋಣ ಅಂತ ಹಟ ಹಿಡಿದಿದ್ದಾರೆ. ತಯಾರಿ ಹೇಗಿರಬೇಕು?
– ಸ್ಕೌಟ್ ಮಾಸ್ಟರ್, ತುಮಕೂರು

ಉತ್ತರ: ಸರ್, ಕೊಡಚಾದ್ರಿ ಈಗ ಬೇಡ. ಅದು ಶಿವಮೊಗ್ಗ ಜಿಲ್ಲೆಯ 1,343 ಮೀಟರ್ ಎತ್ತರದ ಬೆಟ್ಟ, ಸುತ್ತ ದಟ್ಟ ಕಾಡು, ನಿಮ್ಮ ಊರಿಂದ ದೂರ ಬೇರೆ. ಅದಕ್ಕಿಂತ ಮುಖ್ಯವಾಗಿ ನೀವು ಆರಿಸಿರುವ ತಿಂಗಳು ಸರಿಯಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದೇ ಅದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣ್ಣೆ ಕಚ್ಚಿ ಹರಡುವ ಈ ಜ್ವರ ಜಾಸ್ತಿ ಕಾಣಿಸುವುದು ಡಿಸೆಂಬರ್‌ನಿಂದ ಮೇವರೆಗೆ. ತರಗೆಲೆಯ ಮೇಲೆ ಕೂರುವ, ಪೊದೆಯೊಳಗೆ ನುಗ್ಗುವ ವಯಸ್ಸಿನ ಮಕ್ಕಳನ್ನು ಆ ಸಮಯದಲ್ಲಿ ಮಲೆನಾಡಿನ ಕಾಡಿಗೆ ಕರೆದೊಯ್ಯುವುದು ನನಗೆ ಒಪ್ಪಿಗೆಯಿಲ್ಲ. ಹುಡುಗರಿಗೆ ಈ ಕಾರಣವನ್ನೇ ಬಿಡಿಸಿ ಹೇಳಿ, ಅವರಿಗೆ ಅರ್ಥವಾಗುತ್ತದೆ.

ನಿಮ್ಮ ಪಕ್ಕದಲ್ಲೇ ದೇವರಾಯನದುರ್ಗ ಇದೆಯಲ್ಲ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಒಂದು ದಿನದ ಹೈಕ್‌ಗೆ ಅದು ಸಾಕು. ಅಲ್ಲೂ ಸುತ್ತ ಕಾಡೇ, ಕರಡಿ, ಚಿರತೆ ಓಡಾಡುವ ಜಾಗ. ಹಾಗಾಗಿ ಮೊದಲೇ ಅರಣ್ಯ ಇಲಾಖೆಗೆ ಶಾಲೆಯ ಪತ್ರ ಕೊಟ್ಟು, ಯಾವ ದಾರಿಯಲ್ಲಿ ಹೋಗಬಹುದು ಅಂತ ಕೇಳಿ ಬರಹದಲ್ಲೇ ಅನುಮತಿ ತೆಗೆದುಕೊಳ್ಳಿ. ಚೆನ್ನಾಗಿ ಬೆಳಕು ಹರಿದ ಮೇಲೇ ಹೆಜ್ಜೆ ಇಡಿ.

ಹೈಕ್‌ಗೆ ಒಂದೆರಡು ವಾರ ಮುಂಚೆ ನೀವೂ ಇನ್ನೊಬ್ಬ ಮೇಷ್ಟ್ರೂ ಆ ದಾರಿಯನ್ನು ಒಮ್ಮೆ ಪೂರ್ತಿ ನಡೆದು ನೋಡಲೇಬೇಕು. ಫೋನಿನಲ್ಲಿ ಮ್ಯಾಪ್ ನೋಡಿದರೆ ಸಾಲದು. ನೀರು ಎಲ್ಲಿ ಸಿಗುತ್ತದೆ, ನೆರಳು ಎಲ್ಲಿ, ಎಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ, ಯಾರಿಗಾದರೂ ಕಾಲು ಉಳುಕಿದರೆ ಗಾಡಿ ಎಲ್ಲಿಯವರೆಗೆ ಬರಬಹುದು, ಇವನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳಿ. ಹಾವಿನ ಕಡಿತಕ್ಕೆ ಔಷಧಿ ಯಾವ ಆಸ್ಪತ್ರೆಯಲ್ಲಿದೆ ಅಂತಲೂ ಆಗಲೇ ವಿಚಾರಿಸಿಡಿ. ಹಾವು ಕಚ್ಚಿದರೆ ಬಟ್ಟೆ ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದನ್ನೂ ಮಾಡಬಾರದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ, ಮಗುವನ್ನು ನಡೆಸದೆ ಎತ್ತಿಕೊಂಡೇ ಆಸ್ಪತ್ರೆಗೆ ಸಾಗಿಸಬೇಕು. 108ಕ್ಕೆ ಫೋನ್ ಮಾಡುವ ಕೆಲಸವನ್ನು ಇಂಥವರೇ ಮಾಡಬೇಕು ಅಂತ ಮೊದಲೇ ಒಬ್ಬರಿಗೆ ವಹಿಸಿ.

ಸಮಯದ ಲೆಕ್ಕದಲ್ಲಿ ತುಂಬ ಜನ ಎಡವುತ್ತಾರೆ. ಗಂಟೆಗೆ 5 ಕಿಲೋಮೀಟರ್, 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅನ್ನುವ ಹಳೆಯ ಲೆಕ್ಕ ನಡೆದು ರೂಢಿಯಿರುವ ದೊಡ್ಡವರಿಗೆ. ಮೊದಲ ಸಲ ಚೀಲ ಹೊತ್ತ ಮಕ್ಕಳಿಗೆ ಅದರ ಎರಡರಷ್ಟು ಇಟ್ಟುಕೊಳ್ಳಿ. 6 ಕಿಲೋಮೀಟರ್ ದಾರಿ, 300 ಮೀಟರ್ ಏರು ಅಂದರೆ ಮೂರೂವರೆ ಗಂಟೆ ಬೇಕೇ ಬೇಕು. ಎಲ್ಲರಿಗಿಂತ ನಿಧಾನವಾಗಿ ನಡೆಯುವ ಹುಡುಗನನ್ನು ಮುಂದಿನ ಸಾಲಿನಲ್ಲೇ ಬಿಡಿ. ಅವನ ವೇಗವೇ ಎಲ್ಲರ ವೇಗ ಆಗಲಿ. ಹಿಂದೆ ಬಿಟ್ಟರೆ ಅವನಿಗೆ ವಿಶ್ರಾಂತಿಯೇ ಇರುವುದಿಲ್ಲ, ಯಾಕೆಂದರೆ ಮುಂದಿದ್ದವರು ಕೂತು ಸುಧಾರಿಸಿಕೊಂಡು ಇವನು ಬಂದ ಕೂಡಲೇ ಎದ್ದು ಹೊರಟುಬಿಡುತ್ತಾರೆ. ಹಿಂತಿರುಗುವ ಗಂಟೆಯನ್ನೂ ಮೊದಲೇ ಎಲ್ಲರಿಗೂ ಹೇಳಿಬಿಡಿ. ತುದಿ ಕಣ್ಣಿಗೆ ಕಾಣುತ್ತಿದ್ದರೂ ಆ ಹೊತ್ತಿಗೆ ವಾಪಸ್.

ಇನ್ನು ಹುಡುಗರ ಕೆಲಸ ಹುಡುಗರಿಗೇ ಬಿಡಿ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆದ ಮೊದಲ ಸ್ಕೌಟ್ ಶಿಬಿರದಲ್ಲೇ ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ ಹುಡುಗರನ್ನು ನಾಲ್ಕು ಪ್ಯಾಟ್ರೋಲ್‌ಗಳಾಗಿ, ಅಂದರೆ ಸಣ್ಣ ತಂಡಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಹುಡುಗನನ್ನೇ ಲೀಡರ್ ಮಾಡಿದ್ದರು. ನಿಮ್ಮ 32 ಜನಕ್ಕೂ ಎಂಟೆಂಟರ ನಾಲ್ಕು ಪ್ಯಾಟ್ರೋಲ್ ಸರಿಹೋಗುತ್ತದೆ. ಊಟಕ್ಕೆ ಚಿತ್ರಾನ್ನವೋ ಚಪಾತಿಯೋ, ದುಡ್ಡು ಎಷ್ಟು, ಹಗ್ಗ ಯಾರು ಹೊರಬೇಕು, ಎಲ್ಲ ಪ್ಯಾಟ್ರೋಲ್ ಲೀಡರ್‌ಗಳೇ ಕೂತು ತೀರ್ಮಾನಿಸಲಿ. ಪ್ರತಿ ನಿಲುಗಡೆಯಲ್ಲೂ ಅವರೇ ತಮ್ಮ ತಮ್ಮವರನ್ನು ಎಣಿಸಿ ನಿಮಗೆ ಹೇಳಲಿ. ಎಲ್ಲವನ್ನೂ ಮೇಷ್ಟ್ರೇ ಮಾಡಿಬಿಟ್ಟರೆ ಅದು ಸುಮ್ನೆ ಶಾಲಾ ಪ್ರವಾಸ ಆಗುತ್ತದೆ, ಅಲ್ವಾ? ದಾರಿ, ಸಮಯ, ಹವೆ, ನೀರು ಇವುಗಳ ಮಾತು ಮಾತ್ರ ಕೊನೆಗೂ ನಿಮ್ಮದೇ.

ಪ್ರಶ್ನೆ: ನಮ್ಮ ಗೈಡ್ ದಳದ ಹುಡುಗಿಯರಿಗೆ ಒಂದು ರಾತ್ರಿಯ ಶಿಬಿರ ಮಾಡಬೇಕು ಅಂತ ಆಸೆ. ತಂದೆ ತಾಯಿ ಒಪ್ಪುತ್ತಿಲ್ಲ. ಹೇಗೆ ಒಪ್ಪಿಸಲಿ?
– ಗೈಡ್ ಕ್ಯಾಪ್ಟನ್, ಚಿತ್ರದುರ್ಗ

ಉತ್ತರ: ಮೇಡಂ, ಒಪ್ಪಿಗೆ ಪತ್ರವನ್ನು ಮಕ್ಕಳ ಕೈಯಲ್ಲಿ ಮನೆಗೆ ಕಳಿಸಬೇಡಿ. ತಂದೆ ತಾಯಿಯನ್ನು ಶಾಲೆಗೇ ಕರೆಸಿ ಮಾತಾಡಿ. ಅವರು ಕೇಳಲು ಸಂಕೋಚಪಡುವುದನ್ನು ನೀವೇ ಮೊದಲು ಹೇಳಿ: ಎಲ್ಲಿ ಮಲಗುತ್ತಾರೆ, ಬಾಗಿಲಿಗೆ ಚಿಲಕ ಇದೆಯಾ, ಶೌಚಾಲಯ ಎಷ್ಟು ದೂರ, ಮುಟ್ಟಾದರೆ ಪ್ಯಾಡ್ ಯಾರ ಹತ್ತಿರ ಇರುತ್ತದೆ, ರಾತ್ರಿ ಜೊತೆಗೆ ಯಾವ ಯಾವ ಟೀಚರ್ ಇರುತ್ತಾರೆ. ಕಡಿಮೆ ಅಂದರೂ ಇಬ್ಬರು ಮಹಿಳೆಯರು ಇರಲೇಬೇಕು. ದೊಡ್ಡವರು ಯಾರೇ ಆಗಲಿ, ಒಂದು ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ ಅನ್ನುವ ನಿಯಮವನ್ನು ಆ ಸಭೆಯಲ್ಲೇ ಎಲ್ಲರ ಮುಂದೆ ಹೇಳಿ. ಇದು ಡ್ರೈವರಿಂದ ಹಿಡಿದು ಹೆಡ್ ಮಾಸ್ಟರ್‌ವರೆಗೆ ಎಲ್ಲರಿಗೂ ಅನ್ವಯ.

ಮೊದಲ ಶಿಬಿರಕ್ಕೆ ಟೆಂಟು, ಕಾಡು ಬೇಡ. ನಿಮಗೆ ಹತ್ತಿರದಲ್ಲೇ ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯದೇ ತರಬೇತಿ ಕೇಂದ್ರ ಇದೆ. ಅಲ್ಲಿ ವಿಚಾರಿಸಿ. ಆಗಲೂ ಯಾವುದಾದರೂ ಮನೆಯವರು ಬೇಡ ಅಂದರೆ ಆ ಹುಡುಗಿ ಹಗಲಿನ ಕಾರ್ಯಕ್ರಮಕ್ಕೆ ಬಂದು ಸಂಜೆ ಮನೆಯವರ ಜೊತೆ ಹೋಗಲಿ. ಅವಳನ್ನು ಪೂರ್ತಿ ಬಿಟ್ಟುಬಿಡಬೇಡಿ.

ಪ್ರಶ್ನೆ: ಹೈಕ್ ದಾರಿಯಲ್ಲಿ ಕೆರೆ ಸಿಕ್ಕಿದರೆ ಈಜು ಬರುವ ಮಕ್ಕಳನ್ನಾದರೂ ನೀರಿಗೆ ಬಿಡಬಹುದಾ?
– ಒಬ್ಬ ಶಿಕ್ಷಕರು, ಹಾಸನ

ಉತ್ತರ: ಬಿಡಬಾರದು. ಕೆರೆಯ ತಳದಲ್ಲಿ ಹೂಳು ಇರುತ್ತದೆ, ಮಣ್ಣು ತೆಗೆದ ಗುಂಡಿ ಇರುತ್ತದೆ. ಮೇಲಿಂದ ನೋಡಿದರೆ ಯಾವುದೂ ಕಾಣುವುದಿಲ್ಲ. ಬಾವಿಯಲ್ಲಿ ಈಜಿ ಕಲಿತ ಹುಡುಗ ಕೂಡ ಹೂಳಿನಲ್ಲಿ ಕಾಲು ಸಿಕ್ಕಿಕೊಂಡರೆ ಗಾಬರಿಯಾಗುತ್ತಾನೆ. ಒಬ್ಬ ಇಳಿದರೆ ಈಜು ಬಾರದವರೂ ಹಿಂದೆಯೇ ಇಳಿಯುತ್ತಾರೆ. ಊಟಕ್ಕೆ ಕೂರುವ ಜಾಗವನ್ನೇ ನೀರಿನಿಂದ ದೂರ ಇಟ್ಟುಕೊಳ್ಳಿ. ಕೈ ತೊಳೆಯಲು ಬಕೆಟ್‌ನಲ್ಲಿ ನೀರು ತರುವ ಕೆಲಸ ದೊಡ್ಡವರು ಮಾಡಲಿ.