ಕತ್ತು ತಿಕ್ಕಬೇಡಿ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಎತ್ತರ 134 ಸೆಂ.ಮೀ., ತೂಕ 42 ಕೆಜಿ. ಕ್ಲಾಸಿನಲ್ಲಿ ‘ಡುಮ್ಮ’ ಅಂತ ಕರೆಯುತ್ತಾರಂತೆ. ಆಟದ ಪೀರಿಯಡ್ ಇರುವ ದಿನ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು. ಸುಮ್ಮಸುಮ್ಮನೆ ತಂಗಿಗೆ ಹೊಡೆಯುತ್ತಾನೆ. ರಾತ್ರಿ ಡಬ್ಬಿಯಿಂದ ನಿಪ್ಪಟ್ಟು ಕದ್ದು ತಿಂದು, ಕೇಳಿದರೆ ಸುಳ್ಳು ಹೇಳುತ್ತಾನೆ. ಜೋರು ಗೊರಕೆ ಬೇರೆ. ಕತ್ತಿನ ಹಿಂದೆ ಕಪ್ಪಾಗಿದೆ, ಕಡಲೆಹಿಟ್ಟು ಹಚ್ಚಿ ತಿಕ್ಕಿದರೂ ಹೋಗುತ್ತಿಲ್ಲ. ಅತ್ತೆ ‘ಬೆಳೆಯೋ ಹುಡುಗ, ಬಿಡು’ ಅನ್ನುತ್ತಾರೆ. ನಮ್ಮ ಮನೆಯವರು ಊಟಕ್ಕೆ ಕೂತಾಗಲೆಲ್ಲ ರೇಗಿಸುತ್ತಾರೆ. ಇವನಿಗೆ ಬುದ್ಧಿ ಹೇಳುವುದು ಹೇಗೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಾಯಿ, ಆ ಕತ್ತು ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಅದು ಕೊಳೆಯಲ್ಲ. ತೂಕ ಹೆಚ್ಚಿದಾಗ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ, ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆಗ ಕತ್ತು, ಕಂಕುಳಲ್ಲಿ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ನೀವು ತಿಕ್ಕಿದಷ್ಟೂ ಅವನಿಗೆ ‘ನಾನು ಗಲೀಜು’ ಅನ್ನಿಸುತ್ತದೆ, ಅಷ್ಟೇ.

ನೀವು ಕೊಟ್ಟ ಲೆಕ್ಕದಲ್ಲಿ ಬಿಎಂಐ (ಎತ್ತರಕ್ಕೆ ತೂಕವನ್ನು ತೂಗಿ ನೋಡುವ ಅಳತೆ) 23 ದಾಟಿದೆ. 9 ವರ್ಷದ ಹುಡುಗನಿಗೆ ಇದು ಬೊಜ್ಜಿನ ಗೆರೆ ದಾಟಿದ ಹಾಗೆ. ಹಾಗಾಗಿ ಅತ್ತೆಯವರ ಮಾತು ಕೇಳಿ ಸುಮ್ಮನಿರಬೇಡಿ. ಮಕ್ಕಳ ಡಾಕ್ಟರಲ್ಲಿ ಬಿಪಿ, ಸಕ್ಕರೆ, ಲಿವರ್ ನೋಡಿಸಿ. ಗೊರಕೆಯ ವಿಷಯ ನೀವೇ ಬಾಯಿಬಿಟ್ಟು ಹೇಳಿ, ಅವರು ಕೇಳುವುದನ್ನು ಕಾಯಬೇಡಿ. ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ, ಟಾನ್ಸಿಲ್ ಊದಿದ್ದರೆ ರಾತ್ರಿಯಿಡೀ ಉಸಿರು ಕಟ್ಟಿಕಟ್ಟಿ ನಿದ್ದೆ ಒಡೆಯುತ್ತದೆ. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಅದು ಸಿಗದ ಮಗು ಹಗಲು ತೂಕಡಿಸುವುದಕ್ಕಿಂತ ಹೆಚ್ಚಾಗಿ ಸಿಡಿಮಿಡಿಗುಟ್ಟುತ್ತದೆ. ತಂಗಿಗೆ ಬೀಳುವ ಏಟಿನಲ್ಲಿ ಅದರದೂ ಪಾಲಿರಬಹುದು.

ಇನ್ನು ನಿಪ್ಪಟ್ಟು. ಹಗಲು ತಟ್ಟೆಯ ಮುಂದೆ ಅಪ್ಪ ತುತ್ತು ಎಣಿಸುತ್ತಾ ಕೂತರೆ, ಯಾರೂ ಎಣಿಸದ ಹೊತ್ತಿನಲ್ಲಿ ಮಗು ತಿನ್ನುತ್ತದೆ. ನನಗೆ ಇದು ಪುಸ್ತಕದ ಮಾತಲ್ಲ. ನಮ್ಮ ದೊಡ್ಡಪ್ಪ ನನ್ನನ್ನು ‘ಅಕ್ಕಿಮೂಟೆ’ ಅಂತಲೇ ಕರೆಯುತ್ತಿದ್ದರು, ಪ್ರೀತಿಯಿಂದಲೇ. ಅವರು ಬಂದ ದಿನ ನಾನು ಊಟ ಬೇಡ ಅಂದು, ಆಮೇಲೆ ಉಗ್ರಾಣದ ಕತ್ತಲಲ್ಲಿ ಬೆಲ್ಲ ಮುರಿದು ತಿನ್ನುತ್ತಿದ್ದೆ. ಬೇಜಾರಿಗೆ ತಿನ್ನುವುದು, ತಿಂದು ದಪ್ಪಗಾಗುವುದು, ದಪ್ಪಗಾದೆನೆಂದು ಮತ್ತೆ ಬೇಜಾರು. 1961ರಲ್ಲಿ ಅಮೆರಿಕದಲ್ಲಿ 10–11 ವರ್ಷದ ಮಕ್ಕಳಿಗೆ ಆರು ಮಕ್ಕಳ ಚಿತ್ರ ತೋರಿಸಿ ಯಾರು ಇಷ್ಟ ಅಂತ ಕೇಳಿದ್ದರು. ಊರುಗೋಲು ಹಿಡಿದ, ಗಾಲಿಕುರ್ಚಿಯಲ್ಲಿ ಕೂತ, ಒಂದು ಕೈಯಿಲ್ಲದ ಮಕ್ಕಳೂ ಅದರಲ್ಲಿದ್ದರು. ಕೊನೆಗೆ ಉಳಿದದ್ದು ದಪ್ಪ ಮಗುವಿನ ಚಿತ್ರ. ಆಟದ ದಿನದ ಹೊಟ್ಟೆನೋವು ನಾಟಕವಲ್ಲ ಅಂತ ನಾನು ನಂಬುವುದು ಇದಕ್ಕೇ.

ಬುದ್ಧಿ ಹೇಳಬೇಕಾದ್ದು ಹುಡುಗನಿಗಲ್ಲ, ನಿಮ್ಮ ಮನೆಯವರಿಗೆ. ಡಬ್ಬಿ ಖಾಲಿಯಾಗುವುದಾದರೆ ಇಡೀ ಮನೆಗೇ ಖಾಲಿಯಾಗಲಿ, ತಂಗಿಗೊಂದು ಇವನಿಗೊಂದು ಮಾಡಬೇಡಿ. (ದಾವಣಗೆರೆಯಲ್ಲಿದ್ದು ಬೆಣ್ಣೆದೋಸೆ ಮುಟ್ಟಬೇಡಿ ಅನ್ನುವಷ್ಟು ಕಟುಕಳಲ್ಲ ನಾನು. ತಿಂಗಳಿಗೊಮ್ಮೆ ಎಲ್ಲರೂ ಹೋಗಿ ತಿನ್ನಿ.) ಕ್ಲಾಸ್ ಟೀಚರನ್ನು ಒಬ್ಬರೇ ಹೋಗಿ ಕಾಣಿ, ಟೀಮು ಆರಿಸುವಾಗ ಕೊನೆಗೆ ಉಳಿಯುವವನು ಇವನೇನಾ, ವಿಚಾರಿಸಿ. ಮನೆಯಲ್ಲಿ ಸೈಕಲ್ಲೋ ಈಜೋ, ಅವನು ಆರಿಸಿದ್ದು ಆಡಲಿ. ತೂಕ ಇಳಿಸುವ ಪುಡಿಗಿಡಿ ಬೇಡವೇ ಬೇಡ.

ಮಂಕು ಹೆಚ್ಚಾಗಿ ಶಾಲೆಯೇ ಬೇಡ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ರಿಪೋರ್ಟ್ ಬಂದ ಮೇಲೆ ಇನ್ನೊಂದು ಕಾಗದ ಬರೆಯಿರಿ. ಗೊರಕೆ ಯಾವಾಗಿನಿಂದ ಅನ್ನುವುದನ್ನು ಅದರಲ್ಲಿ ಮರೆಯಬೇಡಿ.