ಫೈಬರ್ ರೆಕ್ಕೆಯ ಟ್ಯಾಂಕಿಗೆ ಸೈಲೆನ್ಸರಿನ ಅರ್ಥ್ ಕ್ಲಿಪ್ ಸಾಲದು

ಕುಂಬಳೆಯ ಹತ್ತಿರ ಗೆಳೆಯರಿಬ್ಬರು ಸೇರಿ ಎರಡು ಸೀಟಿನ ಫೈಬರ್‌ಗ್ಲಾಸ್ ವಿಮಾನ ಕಟ್ಟುತ್ತಿದ್ದೀರಿ. ಇಂಧನದ ಟ್ಯಾಂಕು ರೆಕ್ಕೆಯೊಳಗೇ ಇದೆ. ಎಡ ರೆಕ್ಕೆ ಮುಚ್ಚಿಯಾಗಿದೆ, ಬಲ ರೆಕ್ಕೆ ಇನ್ನೂ ತೆರೆದಿದೆ. ಪೆಟ್ರೋಲ್ ತುಂಬುವಾಗ ಸೈಲೆನ್ಸರಿಗೆ ಅರ್ಥ್ ಕ್ಲಿಪ್ ಹಾಕಿದರೆ ಸಾಕೇ, ನಮ್ಮ ಕರಾವಳಿಯ ತೇವದಲ್ಲಿ ಸ್ಥಿರವಿದ್ಯುತ್ತಿಗೆ ಹೆದರಬೇಕೇ ಎಂದು ಕೇಳಿದ್ದೀರಿ. ಕ್ಲಿಪ್ ಸಾಲದು, ಹೆದರಲೇಬೇಕು. ಇದನ್ನು ಪೂರ್ತಿ ಓದುವ ತನಕ ದಯವಿಟ್ಟು ಬಲ ರೆಕ್ಕೆಯನ್ನು ಮುಚ್ಚಬೇಡಿ.

ನಾನು ಹೊಸೂರಿನವನು. ಫೈಬರ್‌ಗ್ಲಾಸ್ ಅಚ್ಚಿನ ಕೆಲಸ ನನ್ನ ಹೊಟ್ಟೆಪಾಡು. ಜನವರಿ, ಫೆಬ್ರವರಿಯ ಒಣಹವೆಯಲ್ಲಿ ಗಟ್ಟಿಯಾದ ಫೈಬರಿನ ಮೇಲಿನಿಂದ ನೈಲಾನ್ ಪೀಲ್ ಪ್ಲೈ ಬಟ್ಟೆಯನ್ನು ಎಳೆದು ತೆಗೆಯುವಾಗ ಚಟಚಟ ಸದ್ದು ಬರುತ್ತದೆ, ಮುಂಗೈ ರೋಮ ನೆಟ್ಟಗೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಅಸಿಟೋನ್ ಡಬ್ಬಿಯ ಮುಚ್ಚಳ ತೆಗೆಯಲು ನಾನು ಯಾರನ್ನೂ ಬಿಡುವುದಿಲ್ಲ. ನಿಮ್ಮಲ್ಲಿ ಇದು ಅಷ್ಟಾಗಿ ಕಾಣಿಸದು, ನಿಜ. ಗಾಳಿಯ ತೇವಾಂಶ ಶೇಕಡಾ 60–65 ದಾಟಿದರೆ ವಸ್ತುಗಳ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು, ವಿದ್ಯುತ್ ಆವೇಶ (ಚಾರ್ಜ್) ತಾನಾಗಿ ಸೋರಿಹೋಗುತ್ತದೆ. ಆದರೆ ಆ ಉಪಕಾರ ಹೊರಮೈಗೆ ಮಾತ್ರ. ಕೊಳವೆಯಲ್ಲಿ ಹರಿಯುವ, ಫಿಲ್ಟರಿನಲ್ಲಿ ನುಗ್ಗುವ ಪೆಟ್ರೋಲಿಗೆ ಹೊರಗಿನ ತೇವ ತಾಕುವುದೇ ಇಲ್ಲ. ಆವೇಶ ಹುಟ್ಟುವುದು ಅಲ್ಲಿಯೇ. ಜುಲೈ ತಿಂಗಳ ಜಡಿಮಳೆಯಲ್ಲೂ ಅದು ಹುಟ್ಟುತ್ತದೆ.

ಶುದ್ಧ ಹೈಡ್ರೋಕಾರ್ಬನ್ ಇಂಧನ ಬಹಳ ಕೆಟ್ಟ ವಾಹಕ. ಅದರ ವಾಹಕತೆ ಮೀಟರಿಗೆ 1 ಪಿಕೋಸೀಮೆನ್ಸ್‌ನಷ್ಟಿದ್ದರೆ, ಒಳಗೆ ಸೇರಿದ ಆವೇಶ ಮೂರನೇ ಒಂದು ಪಾಲಿಗೆ ಇಳಿಯಲು ಸುಮಾರು 18 ಸೆಕೆಂಡು ಬೇಕು. ಅದೂ ಲೋಹದ ಟ್ಯಾಂಕಿನಲ್ಲಿ. ಅಲ್ಲಿ ಗೋಡೆ ಮುಟ್ಟಿದ ಆವೇಶ ವಿಮಾನದ ಮೈಗೆ ಹರಿದು, ಅಲ್ಲಿಂದ ಅರ್ಥ್ ತಂತಿಗೆ ಹೋಗುತ್ತದೆ. ನಿಮ್ಮ ಟ್ಯಾಂಕಿನ ಗೋಡೆಯೇ ಅವಾಹಕ. ಗೋಡೆ ಮುಟ್ಟಿದ ಆವೇಶಕ್ಕೆ ಮುಂದೆ ದಾರಿಯಿಲ್ಲ.

ಸೈಲೆನ್ಸರಿಗೆ ಕ್ಲಿಪ್ ಹಾಕುವ ಪದ್ಧತಿ ಬಂದದ್ದು ಅಲ್ಯೂಮಿನಿಯಂ ವಿಮಾನಗಳಿಂದ. ಅಲ್ಲಿ ಸೈಲೆನ್ಸರ್, ಎಂಜಿನ್, ಚೌಕಟ್ಟು, ರೆಕ್ಕೆ, ಟ್ಯಾಂಕಿನ ಬಾಯಿ ಎಲ್ಲವೂ ಒಂದೇ ಲೋಹದ ಸರಪಣಿ. ಫೈಬರ್ ವಿಮಾನದಲ್ಲಿ ಆ ಸರಪಣಿ ಫೈರ್‌ವಾಲ್, ಅಂದರೆ ಎಂಜಿನ್ನಿನ ಹಿಂದಿನ ಬೆಂಕಿತಡೆ ಗೋಡೆಯ ಹತ್ತಿರವೇ ತುಂಡಾಗುತ್ತದೆ. ಇಂಧನದ ಕೊಳವೆ ರಬ್ಬರಿನದಾದರೆ ಆ ದಾರಿಯೂ ಮುಗಿಯಿತು. ಉಳಿಯುವುದು ರೆಕ್ಕೆಯ ಮೇಲೆ ರೆಸಿನ್ನಿನಲ್ಲಿ ಕೂತ ಮುಚ್ಚಳದ ಲೋಹದ ರಿಂಗು, ಕೆಳಗಿನ ಡ್ರೈನ್ ವಾಲ್ವ್, ಇಂಧನ ಹೀರುವ ಜಾಲರಿ, ಗಾಳಿಕೊಳವೆಯ ತುದಿ. ಪ್ರತಿಯೊಂದೂ ಒಂಟಿ ದ್ವೀಪ. ಇಂಥ ಒಂಟಿ ಲೋಹವೇ ನಿಜವಾದ ಅಪಾಯ. ಅವಾಹಕದ ಮೇಲಿನ ಆವೇಶ ಒಂದೇ ಬಾರಿಗೆ ಒಂದೆಡೆ ಓಡಿಬರಲಾರದು, ಲೋಹದ ಮೇಲಿನದು ಅಷ್ಟೂ ಒಂದೇ ಕಿಡಿಯಲ್ಲಿ ಹಾರುತ್ತದೆ.

ಲೆಕ್ಕ ನೋಡಿ. ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಸುಮಾರು 0.25 ಮಿಲಿಜೌಲ್ ಸಾಕು. ಆ ರಿಂಗಿನ ಧಾರಕತೆ, ಅಂದರೆ ಆವೇಶ ಹಿಡಿದಿಡುವ ಶಕ್ತಿ, 20 ಪಿಕೋಫ್ಯಾರಡ್ ಎಂದುಕೊಳ್ಳಿ, 10,000 ವೋಲ್ಟ್ ಏರಿದರೆ 1 ಮಿಲಿಜೌಲ್ ಆಯಿತು. ಮನುಷ್ಯನ ಮೈ 150 ಪಿಕೋಫ್ಯಾರಡ್, ಅದು 5,000 ವೋಲ್ಟಿಗೇ 1.9 ಮಿಲಿಜೌಲ್ ಹೊತ್ತಿರುತ್ತದೆ. ಸುಮಾರು 3,000 ವೋಲ್ಟಿಗಿಂತ ಕೆಳಗಿನ ಕಿಡಿ ನಮ್ಮ ಬೆರಳಿಗೆ ತಿಳಿಯುವುದೂ ಇಲ್ಲ. ‘ನನಗೇನೂ ಚುರುಕ್ ಎನ್ನಲಿಲ್ಲ’ ಎಂಬ ಮಾತನ್ನು ಆದ್ದರಿಂದಲೇ ನಂಬಬಾರದು. ಇನ್ನು, ಟ್ಯಾಂಕಿನ ಒಳಗೆ ಆವಿ ಎಷ್ಟು ದಟ್ಟವೆಂದರೆ ಸಾಮಾನ್ಯವಾಗಿ ಅಲ್ಲಿ ಬೆಂಕಿ ಹಿಡಿಯುವುದಿಲ್ಲ. ಗಾಳಿಯಲ್ಲಿ ಆವಿ ಶೇಕಡಾ 1.4ರಿಂದ 7.6ರಷ್ಟು ಇರುವಲ್ಲಿ ಹೊತ್ತುತ್ತದೆ, ಆ ಮಿಶ್ರಣ ಸಿಗುವುದು ಟ್ಯಾಂಕಿನ ಬಾಯಲ್ಲಿ. ಕಿಡಿ ಹಾರುವ ರಿಂಗು ಇರುವುದೂ ಅಲ್ಲಿಯೇ.

ಹಾಗಾಗಿ ಬಲ ರೆಕ್ಕೆಯ ಕೆಲಸ ಈಗಲೇ ಮಾಡಿ. ರಿಂಗಿನಿಂದ ಡ್ರೈನ್ ವಾಲ್ವಿಗೆ, ಅಲ್ಲಿಂದ ಹೀರುವ ಜಾಲರಿಗೆ, ಗಾಳಿಕೊಳವೆ ಲೋಹದ್ದಾದರೆ ಅದಕ್ಕೂ, ಕೊನೆಗೆ ರೆಕ್ಕೆಯ ಬುಡದಿಂದ ಎಂಜಿನ್ನಿನ ಗ್ರೌಂಡಿಗೆ ಒಂದೇ ಎಡೆಬಿಡದ ಸಂಪರ್ಕ ಬೇಕು. ಟ್ಯಾಂಕಿನ ಒಳಗೆ ತೆಳು ಅಲ್ಯೂಮಿನಿಯಂ ಪಟ್ಟಿ ಹಾಕಿ. ಬರಿಯ ತಾಮ್ರ ಬೇಡ, ತಾಮ್ರ ತಾಗಿದ ಪೆಟ್ರೋಲ್ ಬೇಗ ಕೆಟ್ಟು ಅಂಟು ಕಟ್ಟುತ್ತದೆ. ಪಟ್ಟಿಯ ಒಂದು ಭಾಗ ತಳದ ಪೆಟ್ರೋಲಿನಲ್ಲಿ ಮುಳುಗಿರಲಿ, ಆಗ ದ್ರವದೊಳಗಿನ ಆವೇಶಕ್ಕೂ ದಾರಿ ಸಿಗುತ್ತದೆ. ಕೈಗೆ ಸಿಗುವ ಜಾಗದಲ್ಲಿ, ಟ್ಯಾಂಕಿನ ಬಾಯಿಂದ ದೂರದಲ್ಲಿ, ಅರ್ಥ್ ಕ್ಲಿಪ್ ಹಿಡಿಯಲು ಒಂದು ಲೋಹದ ಗೂಟವನ್ನು ಹೊರಗೆ ಬಿಡಿ.

ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ರಿಂಗಿನ ಜೋಡಣೆಯಲ್ಲಿ. ಮಾರುಕಟ್ಟೆಯಲ್ಲಿ ಸಿಗುವ ಹೊಳೆಯುವ ನೀಲಿ, ಕೆಂಪು ರಿಂಗುಗಳು ಆನೊಡೈಸ್ ಆದವು. ಆ ಬಣ್ಣದ ಪದರವೂ ಅವಾಹಕವೇ. ತಂತಿಯ ಲಗ್ (ತುದಿಯ ಲೋಹದ ಬಳೆ) ಕೂರುವ ಜಾಗವನ್ನು ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಮರಳುಕಾಗದದಿಂದ ಉಜ್ಜಿ, ಬಿಳಿ ಲೋಹ ಕಾಣುವಂತೆ ಮಾಡಿ. ಹಲ್ಲಿನ ವಾಷರ್ ಹಾಕಿ ಬಿಗಿಯಿರಿ, ಆಮೇಲೆ ಇಂಧನ ತಡೆಯುವ ಸೀಲಂಟ್ ಮೆತ್ತಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ರಿಂಗಿಗೂ ಇನ್ನೊಂದನ್ನು ಡ್ರೈನ್ ವಾಲ್ವಿಗೂ ಹಿಡಿದು ನೋಡಿ. ಸ್ಥಿರವಿದ್ಯುತ್ ಸೋರಲು ಮೆಗಾಓಮ್‌ನಷ್ಟು ರೋಧವಿದ್ದರೂ ಸಾಕು, ಆದರೆ ಲೋಹದಿಂದ ಲೋಹಕ್ಕೆ 10 ಓಮ್ ದಾಟಿತೆಂದರೆ ಜೋಡಣೆ ಎಲ್ಲೋ ಸಡಿಲವಿದೆ ಎಂದೇ ಅರ್ಥ. ಬಿಚ್ಚಿ ಮತ್ತೆ ಉಜ್ಜಿ. ರೆಕ್ಕೆಯಲ್ಲಿ ಕಾರ್ಬನ್ ಬಟ್ಟೆ ಬಳಸಿದ್ದರೆ ಅದು ವಾಹಕವೇ, ಆದರೆ ಅದನ್ನು ನಂಬಿ ತಂತಿ ಬಿಡಬೇಡಿ. ಅಲ್ಯೂಮಿನಿಯಂ ನೇರವಾಗಿ ಕಾರ್ಬನ್ನಿಗೆ ತಾಗಿದರೆ ನಿಮ್ಮ ಉಪ್ಪುಗಾಳಿಯಲ್ಲಿ ಬೇಗ ತುಕ್ಕು ತಿನ್ನುತ್ತದೆ, ನಡುವೆ ಒಂದು ಪದರ ಗ್ಲಾಸ್ ಬಟ್ಟೆ ಇರಲಿ.

ಪೆಟ್ರೋಲ್ ತರುವುದು ಹೇಗೆಂದು ನೀವು ಬರೆದಿಲ್ಲ. ಬಂಕಿನಿಂದ ಪ್ಲಾಸ್ಟಿಕ್ ಕ್ಯಾನಿನಲ್ಲಿ ತಂದು, ಪ್ಲಾಸ್ಟಿಕ್ ಆಲಿಕೆಗೆ ಚರ್ಮದ ಸೋಸುಬಟ್ಟೆ ಇಟ್ಟು ಸುರಿಯುವ ಯೋಚನೆಯಿದ್ದರೆ ಇಂದೇ ಕೈಬಿಡಿ. ಅವಾಹಕ ಪಾತ್ರೆ, ಅವಾಹಕ ಆಲಿಕೆ, ಸಣ್ಣ ರಂಧ್ರದ ಸೋಸುಬಟ್ಟೆ, ಮೇಲಿನಿಂದ ಬೀಳುವ ಧಾರೆ, ಆವೇಶ ಹುಟ್ಟಿಸಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಇಲ್ಲ. ಲೋಹದ ಕ್ಯಾನು, ಲೋಹದ ಆಲಿಕೆ ತನ್ನಿ. ಬಂಕಿನಲ್ಲಿ ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಿ. ಪಿಕಪ್ ಗಾಡಿಯ ಪ್ಲಾಸ್ಟಿಕ್ ಹಾಸಿನ ಮೇಲೆ ಕ್ಯಾನು ಇಟ್ಟು ತುಂಬಿಸುವಾಗ ಬೆಂಕಿ ಹೊತ್ತಿಕೊಂಡ ಪ್ರಕರಣಗಳನ್ನು ನೋಡಿ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಶ್ 1998ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ವಿಮಾನದ ಬಳಿ ಮೊದಲು ನೆಲದ ಗೂಟದಿಂದ ವಿಮಾನಕ್ಕೆ, ಆಮೇಲೆ ವಿಮಾನದಿಂದ ಕ್ಯಾನಿಗೆ ತಂತಿ. ಬರಿಗೈಯಲ್ಲಿ ಹೊರಗಿನ ಗೂಟ ಮುಟ್ಟಿ, ನಂತರವೇ ಮುಚ್ಚಳ ತೆರೆಯಿರಿ. ಆಲಿಕೆಯ ಮೂತಿ ರಿಂಗಿಗೆ ತಾಗಿಯೇ ಇರಲಿ. ಮೂತಿಯ ತುದಿ ಪೆಟ್ರೋಲಿನಲ್ಲಿ ಮುಳುಗುವ ತನಕ ತೀರಾ ನಿಧಾನವಾಗಿ ಸುರಿಯಿರಿ. ಬಿಚ್ಚುವಾಗ ಮೊದಲು ಮುಚ್ಚಳ ಹಾಕಿ, ತಂತಿಗಳು ಕೊನೆಗೆ. ತುಂಬುವ ಮುನ್ನ ರೆಕ್ಕೆಯ ಧೂಳನ್ನು ಪಾಲಿಯೆಸ್ಟರ್ ಬಟ್ಟೆಯಿಂದ ಒರೆಸಬೇಡಿ, ಒದ್ದೆ ಹತ್ತಿಬಟ್ಟೆ ಆಗಬಹುದು.

ಬಂಕಿನ ಪೆಟ್ರೋಲ್ ಎಂದರೆ ಈಗ ಎಥನಾಲ್ ಬೆರೆತದ್ದು. ಎಥನಾಲ್ ಸೇರಿದರೆ ವಾಹಕತೆ ಏರುತ್ತದೆ, ಆವೇಶ ಬೇಗ ಹರಿಯುತ್ತದೆ. ಇದು ಒಳ್ಳೆಯದೆಂದು ಕಾಣುತ್ತದೆ, ಆದರೆ ಹರಿದು ಸೇರುವ ಲೋಹ ಒಂಟಿಯಾಗಿದ್ದರೆ ಅದು ಅಲ್ಲೇ ಕೂಡಿಬೀಳುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ರೆಸಿನ್ನಿನದು. ಪಾಲಿಯೆಸ್ಟರ್ ರೆಸಿನ್ ಮತ್ತು ಕೆಲವು ಎಪಾಕ್ಸಿಗಳು ಎಥನಾಲಿನಲ್ಲಿ ಮೆತ್ತಗಾಗುತ್ತವೆ. ನೀವು ಬಳಸಿದ ರೆಸಿನ್ನಿನ ಒಂದು ತುಂಡನ್ನು ಅದೇ ಪೆಟ್ರೋಲಿನ ಗಾಜಿನ ಬಾಟಲಿಯಲ್ಲಿ ಕೆಲವು ವಾರ ಮುಳುಗಿಸಿಟ್ಟು, ಉಗುರಿನಿಂದ ಕೆರೆದು ನೋಡದೆ ಟ್ಯಾಂಕು ತುಂಬಬೇಡಿ.

ಮುಚ್ಚಿದ ಎಡ ರೆಕ್ಕೆಯನ್ನು ಒಡೆಯಬೇಕಿಲ್ಲ. ಟ್ಯಾಂಕಿನ ಬಾಯಿಯಿಂದಲೇ ರಿಂಗಿನ ಒಳಅಂಚನ್ನು ಉಜ್ಜಿ, ಅಲ್ಲಿ ಸ್ಟೀಲ್ ಸ್ಕ್ರೂನಿಂದ ಅಲ್ಯೂಮಿನಿಯಂ ಪಟ್ಟಿಯನ್ನು ಬಿಗಿದು ತಳದವರೆಗೆ ಇಳಿಬಿಡಿ. ಡ್ರೈನ್ ವಾಲ್ವನ್ನು ಬಿಚ್ಚಿದಾಗ ಆ ತೂತಿನಿಂದ ಪಟ್ಟಿಯ ತುದಿ ಕೈಗೆ ಸಿಕ್ಕರೆ ಅಲ್ಲೇ ಜೋಡಿಸಿ. ಸಿಗದಿದ್ದರೆ ರೆಕ್ಕೆಯ ಹೊರಮೈಯಲ್ಲಿ, ಬಣ್ಣದ ಕೆಳಗೆ, ತಾಮ್ರದ ಅಂಟುಪಟ್ಟಿಯನ್ನು ರಿಂಗಿನಿಂದ ರೆಕ್ಕೆಯ ಬುಡದವರೆಗೆ, ಅದೇ ರೀತಿ ಡ್ರೈನ್ ವಾಲ್ವಿನಿಂದಲೂ ಎಳೆಯಿರಿ. ಸಾಮಾನ್ಯ ಪಟ್ಟಿಯ ಅಂಟು ವಿದ್ಯುತ್ ಹರಿಸುವುದಿಲ್ಲ, ಆದ್ದರಿಂದ ತುಂಡುಗಳು ಸೇರುವಲ್ಲಿ ಬೆಸುಗೆ ಹಾಕಿ. ಬಣ್ಣ ಬಳಿಯುವ ಮೊದಲು ಮೀಟರ್ ಹಿಡಿದು ಎರಡೂ ರೆಕ್ಕೆಗಳ ಓಮ್ ಎಷ್ಟೆಂದು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.